ಕಾಶಿಯ ಗಲ್ಲಿಗಳಿಗೆ ಯಜಮಾನರು ಯಾರು?



ನಮ್ಮ ಮದುವೆಗಳಲ್ಲಿ ಮದುಮಗ ಛತ್ರಿ, ಬೆತ್ತ ಹಿಡಿದು ಕಾಶಿಗೆ ಹೊರಡುವುದನ್ನೂ, ಹೆಣ್ಣಿನ ಕಡೆಯವರು ಅವನನ್ನು ತಡೆದು ಮಂಟಪಕ್ಕೆ ಕರೆತರುವುದನ್ನೂ ನೀವು ನೋಡಿರುತ್ತೀರಿ. ಅಜ್ಜಿಯ ದೇವರ ಮನೆಯಲ್ಲಿ ಗಂಗೆ ತುಂಬಿ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯನ್ನೂ ನೋಡಿರಬಹುದು. ಕಾಶಿಯೆಂದರೆ ನಮಗೆ ವಿಶ್ವನಾಥ, ಗಂಗೆ, ಮುಕ್ತಿ. ಆದರೆ ಅದು ಜನ ಬದುಕುವ ಊರೂ ಹೌದು. 2011ರ ಜನಗಣತಿಯಂತೆ ಅಲ್ಲಿ ಸುಮಾರು 12 ಲಕ್ಷ ಜನರಿದ್ದರು. ಅವರೂ ನಮ್ಮ ಹಾಗೆಯೇ ಬೆಳಿಗ್ಗೆ ಎದ್ದು ನಲ್ಲಿಯ ನೀರು ಹಿಡಿಯಬೇಕು, ಕಸ ಹೊರಗಿಡಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು.

ಯಾತ್ರೆ ಮುಗಿಸಿ ಬಂದವರು "ದರ್ಶನ ಚೆನ್ನಾಗಿ ಆಯಿತು, ಆದರೆ ಊರು ತುಂಬಾ ಗಲೀಜು" ಎಂದು ಹೇಳುವುದುಂಟು. ಅಷ್ಟಕ್ಕೇ ಮಾತು ಮುಗಿಸಿಬಿಡುತ್ತಾರೆ. ಆ ಊರನ್ನು ನೋಡಿಕೊಳ್ಳಬೇಕಾದವರು ಯಾರು, ಅವರನ್ನು ಆ ಕೆಲಸಕ್ಕೆ ಇಟ್ಟವರು ಯಾರು ಎಂದು ಕೇಳುವವರು ಕಡಿಮೆ. ಇಂದು ಆ ಪ್ರಶ್ನೆಯನ್ನು ಹಿಡಿದುಕೊಂಡೇ ಕಾಶಿಯನ್ನು ಸುತ್ತೋಣ, ಬನ್ನಿ.

ಅಸ್ಸಿ ಘಾಟಿನಲ್ಲಿ ದೋಣಿ ಹತ್ತಿ. ಸ್ವಲ್ಪ ದೂರದಲ್ಲೇ ಭದೈನಿ ಸಿಗುತ್ತದೆ. ಗಂಗೆಯ ನೀರನ್ನು ಮೇಲೆತ್ತಿ ಊರಿಗೆ ಕಳಿಸುವ ಪಂಪುಮನೆ ಇರುವುದು ಅಲ್ಲಿಯೇ. 1892ರಿಂದ ಕಾಶಿಗೆ ಕೊಳವೆ ನೀರು ಬಂತು. ಆದರೆ ಅದಕ್ಕೆ ಒಂದು ವರ್ಷ ಮೊದಲು, 1891ರ ಏಪ್ರಿಲಿನಲ್ಲಿ, ಇಲ್ಲಿ ದೊಡ್ಡ ಗಲಭೆಯೇ ನಡೆಯಿತು. ಕಾಮಗಾರಿಯ ಜಾಗದಲ್ಲಿದ್ದ ರಾಮಮಂದಿರಕ್ಕೆ ಧಕ್ಕೆ ಬಂತೆಂದು ಜನ ರೊಚ್ಚಿಗೆದ್ದರು. ಧಾನ್ಯದ ಬೆಲೆ ಏರಿ ಜನ ಮೊದಲೇ ಕಂಗೆಟ್ಟಿದ್ದರು. ಸಿಟ್ಟೆಲ್ಲ ನೀರಿನ ಕಾಮಗಾರಿಯ ಮೇಲೆ ತಿರುಗಿತು. ಕುಡಿಯುವ ನೀರು ಬೇಡವೆನ್ನುವಷ್ಟು ಅವಿವೇಕಿಗಳೇ ಅವರು? ಅಲ್ಲ. ತಮ್ಮನ್ನು ಕೇಳದೆ ತಮ್ಮ ಊರಿನಲ್ಲಿ ಕೆಲಸ ನಡೆಯುತ್ತಿದೆ ಎಂಬುದೇ ಅವರ ನೋವಾಗಿತ್ತು.

ಈ ನೋವು ಅಂದಿನದಲ್ಲ, ಇನ್ನೂ ಹಳೆಯದು. 1810ರಲ್ಲಿ ಕಂಪನಿ ಸರ್ಕಾರ ಮನೆಗಳ ಮೇಲೆ ಹೊಸ ತೆರಿಗೆ ಹಾಕಿದಾಗ ಇಡೀ ಬನಾರಸ್ ಅಂಗಡಿ ಮುಚ್ಚಿ ಧರಣಿ ಕುಳಿತಿತು. ಕಮ್ಮಾರರು, ನೇಕಾರರು, ದೋಣಿಯವರು, ಕ್ಷೌರಿಕರು ಎಲ್ಲರೂ ಕೆಲಸ ಬಿಟ್ಟರು. ಶವಸಂಸ್ಕಾರಕ್ಕೂ ಜನ ಸಿಗುತ್ತಿಲ್ಲವೆಂದು ಅಂದಿನ ಮ್ಯಾಜಿಸ್ಟ್ರೇಟ್ ಮೇಲಿನವರಿಗೆ ಬರೆದ. ಕೊನೆಗೆ ಸರ್ಕಾರವೇ ಆ ತೆರಿಗೆಯನ್ನು ಕೈಬಿಡಬೇಕಾಯಿತು. ಗಾಂಧೀಜಿಯವರ ಸತ್ಯಾಗ್ರಹಕ್ಕೆ ನೂರು ವರ್ಷ ಮೊದಲಿನ ಮಾತಿದು! ಧರ್ಮಪಾಲ್ ಎಂಬ ವಿದ್ವಾಂಸರು ಹಳೆಯ ಸರ್ಕಾರಿ ಕಾಗದಗಳನ್ನು ಹುಡುಕಿ 1971ರಲ್ಲಿ ಇದರ ಬಗ್ಗೆ ಪುಸ್ತಕ ಮಾಡಿದರು.

ದೋಣಿ ಮುಂದೆ ಸಾಗಲಿ. ಹನುಮಾನ್ ಘಾಟ್ ದಾಟಿ ಹರಿಶ್ಚಂದ್ರ ಘಾಟ್ ಬರುವ ಮೊದಲು ಸಿಗುವುದು ಕರ್ನಾಟಕ ಘಾಟ್. ಮೈಸೂರು ಸಂಸ್ಥಾನದ ಕಾಲದ ನೆನಪು ಅದು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದನ್ನೂ ಇಲ್ಲೇ ನೆನೆಯಿರಿ. ದಡ ಹತ್ತಿ ಗೋದೌಲಿಯದ ಕಡೆ ನಡೆದರೆ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಜಂಗಮವಾಡಿ ಮಠ ಸಿಗುತ್ತದೆ. ಒಂದು ಬಡಾವಣೆಯ ಹೆಸರೇ ಜಂಗಮವಾಡಿ. ಅಂದರೆ ಕಾಶಿಯ ನೀರು, ಬೀದಿ, ಚರಂಡಿಗಳ ಸುಖದುಃಖದಲ್ಲಿ ನಮ್ಮವರಿಗೂ ಹಿಂದಿನಿಂದ ಪಾಲಿದೆ.

ಇನ್ನು ಊರಿನ ಉತ್ತರಕ್ಕೆ, ಮಚ್ಛೋದರಿಯ ಕಡೆ ಬನ್ನಿ. ಅಲ್ಲಿ ಹಿಂದೆ ದೊಡ್ಡ ಕೆರೆಯಿತ್ತು. 1820ರಲ್ಲಿ ಟಂಕಸಾಲೆಯ ಕೆಲಸಕ್ಕೆಂದು ಬಂದ ಜೇಮ್ಸ್ ಪ್ರಿನ್ಸೆಪ್ ಎಂಬ ಇಪ್ಪತ್ತೊಂದರ ಯುವಕ ಊರಿನ ನಕ್ಷೆ ಬರೆದ, ಜನಗಣತಿ ಮಾಡಿಸಿದ, ನಿಂತು ಕೊಳೆಯುತ್ತಿದ್ದ ನೀರು ಗಂಗೆಗೆ ಹರಿದುಹೋಗಲು ನೆಲದಡಿ ಕಮಾನಿನ ಸುರಂಗ ಕಟ್ಟಿಸಿದ. ಊರಿನ ಸುಧಾರಣೆಗೆಂದು ಇದ್ದ ಸಮಿತಿಗೆ ಅವನೇ ಕಾರ್ಯದರ್ಶಿ. ಮುಂದೆ 1837ರಲ್ಲಿ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿದವನೂ ಇವನೇ. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳನ್ನು ಓದಲು ದಾರಿಯಾದದ್ದು ಆ ಶೋಧದಿಂದ. ಅವನು ಒಳ್ಳೆಯ ಕೆಲಸಗಾರ, ನಿಜ. ಆದರೆ ಆ ಸಮಿತಿಯನ್ನು ಊರಿನವರು ಆರಿಸಿರಲಿಲ್ಲ.

ಆರಿಸುವ ಹಕ್ಕು ಬಂದದ್ದು ನಿಧಾನವಾಗಿ. 1860ರ ದಶಕದಲ್ಲಿ ಮುನಿಸಿಪಾಲಿಟಿ ಆಯಿತು. 1882ರ ರಿಪ್ಪನ್ ಪ್ರಭುವಿನ ನಿರ್ಣಯದ ನಂತರ ಚುನಾಯಿತ ಸದಸ್ಯರು ಬಂದರು, ಅದೂ ತೆರಿಗೆ ಕಟ್ಟುವ ಕೆಲವೇ ಜನರ ಮತದಿಂದ. 1923ರಲ್ಲಿ ಕಾಶಿಯ ಮುನಿಸಿಪಲ್ ಬೋರ್ಡಿಗೆ ಡಾ. ಭಗವಾನ್ ದಾಸ್ ಅಧ್ಯಕ್ಷರಾದರು. ಕಾಶಿ ವಿದ್ಯಾಪೀಠದ ಸ್ಥಾಪಕರಲ್ಲಿ ಒಬ್ಬರಾದ ದೊಡ್ಡ ತತ್ತ್ವಜ್ಞಾನಿ ಅವರು. ಅದೇ ವರ್ಷ ಪಕ್ಕದ ಅಲಹಾಬಾದಿನ ಬೋರ್ಡಿಗೆ ಜವಾಹರಲಾಲ್ ನೆಹರೂ ಅಧ್ಯಕ್ಷರಾದರು.

ಇಲ್ಲೊಂದು ಸ್ವಾರಸ್ಯವಿದೆ. 1955ರಲ್ಲಿ ಭಾರತರತ್ನ ಪಡೆದವರು ಮೂವರು: ಭಗವಾನ್ ದಾಸ್, ನೆಹರೂ ಮತ್ತು ನಮ್ಮ ವಿಶ್ವೇಶ್ವರಯ್ಯನವರು. ವಿಶ್ವೇಶ್ವರಯ್ಯನವರೂ ಸಕ್ಕರ್ ಪಟ್ಟಣಕ್ಕೆ ನೀರು, ಹೈದರಾಬಾದಿಗೆ ಒಳಚರಂಡಿ ಎಂದು ದುಡಿದವರೇ. ದೇಶದ ಅತಿ ದೊಡ್ಡ ಗೌರವ ಪಡೆದ ಈ ಮೂವರೂ ಒಂದು ಕಾಲದಲ್ಲಿ ಊರಿನ ನಲ್ಲಿ, ಚರಂಡಿ, ಬೀದಿಗಳ ಲೆಕ್ಕ ನೋಡಿದ್ದರು. ಅದು ಕೀಳು ಕೆಲಸವೆಂದು ಅವರು ಎಣಿಸಲಿಲ್ಲ.

1959ರಲ್ಲಿ ಕಾನ್ಪುರ, ಆಗ್ರಾ, ಅಲಹಾಬಾದ್, ಲಖನೌಗಳ ಜೊತೆಗೆ ವಾರಾಣಸಿಯೂ ಮಹಾಪಾಲಿಕೆಯಾಯಿತು. ಮೇಯರನ್ನು "ನಗರ ಪ್ರಮುಖ" ಎಂದು ಕರೆದರು. ಆದರೆ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಉತ್ತರ ಪ್ರದೇಶದಲ್ಲಿ ವರ್ಷಗಟ್ಟಲೆ ನಗರಸಭೆಗಳ ಚುನಾವಣೆಯೇ ನಡೆಯಲಿಲ್ಲ. ಸರ್ಕಾರ ನೇಮಿಸಿದ ಅಧಿಕಾರಿಗಳೇ ಎಲ್ಲವನ್ನೂ ನಡೆಸಿದರು. 1986ರ ಜೂನ್ 14ರಂದು ಪ್ರಧಾನಿ ರಾಜೀವ್ ಗಾಂಧಿ ಕಾಶಿಯ ಘಾಟಿನಲ್ಲೇ ಗಂಗಾ ಶುದ್ಧಿಯ ಯೋಜನೆಗೆ ಚಾಲನೆ ಕೊಟ್ಟದ್ದು ಇಂಥ ಕಾಲದಲ್ಲಿ. ಯಂತ್ರಗಳು ಬಂದವು. ಕರೆಂಟು ಹೋದಾಗ ಪಂಪು ನಿಲ್ಲುತ್ತಿತ್ತು, ಕೊಳಚೆ ಮತ್ತೆ ನದಿಗೇ ಹರಿಯುತ್ತಿತ್ತು. ದಿನದಿನವೂ ಅದನ್ನು ನಡೆಸುವ ಖರ್ಚು, ಹೊಣೆ ಯಾರದು ಎಂಬ ಜಗಳ ಮಾತ್ರ ಉಳಿಯಿತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ರೂಢಿಗೆ ತಡೆ ಹಾಕಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು. ಸಭೆ ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಹೊಸದು ಬರಬೇಕು. ಸ್ಥಾನಗಳಲ್ಲಿ ಮೂರನೇ ಒಂದರಷ್ಟು ಹೆಂಗಸರಿಗೆ ಮೀಸಲು. 1995ರಲ್ಲಿ ಕಾಶಿಯ ಜನ ಮೊದಲ ಬಾರಿಗೆ ತಾವೇ ನೇರವಾಗಿ ಮತ ಹಾಕಿ ಮೇಯರನ್ನು ಆರಿಸಿದರು. ಗೆದ್ದವರು ಒಬ್ಬ ಮಹಿಳೆ, ಸರೋಜ್ ಸಿಂಗ್. 2017ರಲ್ಲಿ ಮತ್ತೊಬ್ಬ ಮಹಿಳೆ, ಮೃದುಲಾ ಜಾಯಸ್ವಾಲ್, ಆ ಕುರ್ಚಿಗೆ ಬಂದರು. 2023ರ ಚುನಾವಣೆಯ ಹೊತ್ತಿಗೆ ವಾರ್ಡುಗಳು ನೂರಾಗಿದ್ದವು. ಆಗ ಮೇಯರಾದವರು ಅಶೋಕ್ ತಿವಾರಿ. ಆದರೂ ಸಿಗ್ರಾದ ಪಾಲಿಕೆ ಕಚೇರಿಯಲ್ಲಿ ದಿನದ ಆಡಳಿತ ನಡೆಸುವವರು ಸರ್ಕಾರ ಕಳಿಸಿದ ಆಯುಕ್ತರು. ಜನ ಬೈಯುವುದು ಮೇಯರನ್ನು. ಕಡತಕ್ಕೆ ರುಜು ಹಾಕುವವರು ಬೇರೆ.

ಕಾಶಿಯನ್ನು ಆಡಿಕೊಳ್ಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 1862ರಲ್ಲೇ ಮುನಿಸಿಪಾಲಿಟಿ ಕಂಡ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದರು. ಆಗಲೂ ಊರಿನವರು ಆರಿಸಿದ ಒಬ್ಬ ಸದಸ್ಯರೂ ಇರಲಿಲ್ಲ. ರಸ್ತೆಯ ಗುಂಡಿಗೆ ಯಾರನ್ನು ಕೇಳಬೇಕು?

"ಊರು ಉಪಕಾರ ಅರಿಯದು" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಊರ ಕೆಲಸಕ್ಕೆ ನಿಂತವರಿಗೆ ಬೈಗುಳವೇ ಹೆಚ್ಚು, ನಿಜ. ಆದರೆ ನಾವು ಬೆನ್ನು ತಿರುಗಿಸಿದರೆ ಆ ಜಾಗಕ್ಕೆ ನಮ್ಮನ್ನು ಕೇಳಬೇಕಿಲ್ಲದವರು ಬಂದು ಕೂರುತ್ತಾರೆ. ಕಾಶಿಯ ಇನ್ನೂರು ವರ್ಷಗಳ ಕಥೆಯಲ್ಲಿ ನನಗೆ ಕಂಡದ್ದು ಇಷ್ಟೇ.

ನೀವು ಮುಂದೆ ಕಾಶಿಗೆ ಹೋದಾಗ ದೋಣಿಯವನನ್ನು "ಭದೈನಿಯ ಪಂಪುಮನೆ ಯಾವುದು, ನಿಮ್ಮ ವಾರ್ಡಿನ ಸದಸ್ಯರು ಯಾರು?" ಎಂದು ಕೇಳಿ ನೋಡಿ. ಗಂಟೆಗಟ್ಟಲೆ ಮಾತನಾಡುತ್ತಾನೆ. ಅದಕ್ಕೂ ಮೊದಲು ನಿಮ್ಮದೇ ಊರಿನ ವಾರ್ಡ್ ಯಾವುದು, ಅಲ್ಲಿನ ಸದಸ್ಯರು ಯಾರು, ಮನೆಗೆ ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳಿ. ಅರ್ಧ ಪುಟದಷ್ಟಾದರೂ ಕನ್ನಡದಲ್ಲಿ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಒತ್ತಕ್ಷರ ತಪ್ಪಿದರೆ ಚಿಂತೆಯಿಲ್ಲ, ತಿದ್ದಿಕೊಳ್ಳಲು ನಾವಿದ್ದೇವೆ.