ನಾಲ್ಕನೇ ಸಾಲಿನ ಅತ್ತಿ

ಮೈದುನನ ಲಗ್ನ ಮುಗದು ಎರಡು ತಿಂಗಳಾತು. ಎಲ್ಲಾ ಛಂದ ಆತು ಅಂತ ನೀವೆಲ್ಲಾ ಹೇಳಿದ್ರಿ. ಆದ್ರ ಒಂದು ಮಾತು ನನ್ನ ಮನಸ್ಸಿನ್ಯಾಗ ಉಳದದ. ಅದನ್ನ ಇವತ್ತ ಬರದುಬಿಡತೀನಿ.

ಕರಿಯೋರ ಯಾದಿ ನಮ್ಮ ಮಾವನೋರು ನಾದಿನಿ ಲಗ್ನದಾಗ ಎಕ್ಸೆಲ್‌ನ್ಯಾಗ ಮಾಡಿಟ್ಟಿದ್ರು. ಒಂದು ಮನಿಗೆ ಒಂದು ಚೌಕ. ಅದರಾಗನ ಹೆಸರು, ಓಣಿ, ಫೋನು ಎಲ್ಲಾ, ಆಲ್ಟ್ ಹಿಡದು ಎಂಟರ್ ಒತ್ತಿ ಒಂದರ ಕೆಳಗ ಒಂದು. ನೋಡಲಿಕ್ಕೆ ಲಕೋಟಿ ಮ್ಯಾಲಿನ ವಿಳಾಸದಂಗ ಇತ್ತು. ನಾನು ಪ್ರಿಂಟ್ ತಗದು ಹುಡುಗರ ಕೈಯಾಗ ಕೊಟ್ಟೆ.

ಲಗ್ನ ಎಂಟು ದಿನ ಇದ್ದಾಗ ಕಾಯಿಪಲ್ಯಾ ತರಲಿಕ್ಕೆ ಹೋದಲ್ಲೆ ಮಾವನೋರ ದೊಡ್ಡಪ್ಪನ ಮಗಳು, ನಮ್ಮ ಸಣ್ಣತ್ತಿ, ಸಿಕ್ರು. "ಲಗ್ನದ ತಯಾರಿ ಜೋರ ನಡದದಂತಲ್ಲವಾ, ಛೊಲೊ ಆತು" ಅಂದ್ರು. ಅಷ್ಟ. ನನ್ನ ಎದಿ ಧಸಕ್ಕಂತು. ಅವರಿಗೆ ಕಾರ್ಡ ಹೋಗಿದ್ದೇ ಇಲ್ಲ.

ಮನಿಗೆ ಬಂದು ನೋಡಿದೆ. ಕಾಗದದಾಗ ಹೆಸರಿಲ್ಲ, ಕಂಪ್ಯೂಟರಿನ್ಯಾಗ ಅದ! ಗಂಡ ಹೋದ ಮ್ಯಾಲೆ ಅತ್ತಿ ತಮ್ಮನ ಮನ್ಯಾಗ ಇದ್ರಲ್ಲ, ಅದಕ್ಕ ಅವರ ತಮ್ಮನ ಚೌಕದಾಗನ ನಾಲ್ಕನೇ ಸಾಲಿನ್ಯಾಗ ಬರದಿದ್ರು. ಚೌಕದ ಎತ್ತರ ಮೂರು ಸಾಲಿಗೆ ಕಟ್ಟಿಟ್ಟಿದ್ರಿಂದ ನಾಲ್ಕನೇದು ಮುಚ್ಚಿಹೋಗಿತ್ತು. ಅತ್ತಿ ಬ್ಯಾರೆ ಮನಿ ಮಾಡಿ ಎರಡು ವರ್ಷಾತು. ಯಾದಿಗೆ ಅದು ಗೊತ್ತಿಲ್ಲ.

ಅವತ್ತ ರಾತ್ರಿ ಕೂತು ಎಲ್ಲಾ ಬಿಡಿಸಿದೆ. ನಿಮಗೂ ಬೇಕಾದೀತು, ಕೇಳ್ರಿ. ಮೊದಲು ಫೈಲಿಂದ ಒಂದು ಕಾಪಿ ಮಾಡ್ಕೊಳ್ರಿ. ಬಲಕ್ಕ ನಾಲ್ಕೈದು ಕಾಲಮ್ ಖಾಲಿ ಇರಲಿ, ಇಲ್ಲಂದ್ರ ಅಲ್ಲಿದ್ದದ್ದು ಅಳಿಸಿಹೋಗ್ತದ. ಡೇಟಾದಾಗ ಟೆಕ್ಸ್ಟ್ ಟು ಕಾಲಮ್ಸ್, ಡಿಲಿಮಿಟೆಡ್, ಆಮ್ಯಾಲೆ ಅದರ್ ಮುಂದಿನ ಸಣ್ಣ ಖಾನೆಯೊಳಗ ಕಂಟ್ರೋಲ್ ಹಿಡದು ಜೆ ಒತ್ರಿ. ಅಕ್ಷರ ಏನೂ ಕಾಣಂಗಿಲ್ಲ, ಹೆದರಬ್ಯಾಡ್ರಿ, ಕೆಳಗ ಸಾಲು ಒಡದದ್ದು ಕಾಣತದ. ಕಡೀ ಹಂತದಾಗ ಫೋನಿನ ಕಾಲಮ್ಮಿಗೆ ಟೆಕ್ಸ್ಟ್ ಅಂತ ಆರಿಸ್ರಿ, ಇಲ್ಲಂದ್ರ 0836ರ ಮುಂದಿನ ಸೊನ್ನಿ ಹಾರಿಹೋಗ್ತದ.

ಒಂದು ಚೌಕದಾಗ ಮೂರು ಸಾಲು, ಇನ್ನೊಂದರಾಗ ಐದು. ಅದಕ್ಕ ಒಬ್ಬರ ಫೋನು ಇನ್ನೊಬ್ಬರ ಓಣಿ ಕೆಳಗ ಬಂದು ಕೂತಿತ್ತು. ಯಾವದು ಮನಶಾ, ಯಾವದು ಓಣಿ ಅಂತ ಮಶೀನಿಗೆ ಗೊತ್ತಾಗಂಗಿಲ್ಲ; ಅದನ್ನ ಕೈಲೇನ ಸರಿಮಾಡಬೇಕು. ಹಂಗ ಮಾಡಬೇಕಾದ್ರ ಅತ್ತಿಯಂಗ ಮುಚ್ಚಿಹೋದೋರು ಇನ್ನೂ ಆರು ಮಂದಿ ಸಿಕ್ರು. ಆರೂ ಹೆಣ್ಣಮಕ್ಕಳು.

ಲಕೋಟಿಗೆ ಮತ್ತ ಕೂಡಸಬೇಕಂದ್ರ ಸಲೀಸು: =ಬಿ2&ಚಾರ್(10)&ಸಿ2 ಅಂತ ಬರದು ರ‍್ಯಾಪ್ ಟೆಕ್ಸ್ಟ್ ಒತ್ತಿದ್ರಾತು. ಸಾಸವಿ ಜೀರಗಿ ಬ್ಯಾರೆ ಬ್ಯಾರೆ ಇಟ್ಟರ ಬೇಕಾದಾಗ ಕೂಡಸಬಹುದು. ಕೂಡಿಹೋದದ್ದನ್ನ ಆರಸೋದs ತ್ರಾಸು.

ಮರುದಿನ ಕಾರ್ಡ ತಗೊಂಡು ನಾನs ಹೋದೆ. ತಪ್ಪಾತ್ರಿ ಅತ್ತಿ ಅಂದೆ. ಎಕ್ಸೆಲ್ಲಿನ ಕಥಿ ಹೇಳಲಿಲ್ಲ. ಅವರು ಅವಲಕ್ಕಿ ಹಚ್ಚಿ ಕೊಟ್ಟು, "ಹಿಂದಿನ ದಿನಾನ ಬರತೀನಿ, ಉಂಡಿ ಕಟ್ಟಲಿಕ್ಕೆ ಕೈ ಬೇಕಲ್ಲ" ಅಂದ್ರು.

ಈಗ ಯಾದಿಯೊಳಗ ಅವರದು ಅವರದೇ ಚೌಕ ಅದ. ನಿಮ್ಮ ಮನಿ ಯಾದಿನೂ ಒಮ್ಮೆ ಬಿಡಿಸಿ ನೋಡ್ರಿ.