ಕಲೆಗಿಂತ ಮೊದಲು ಬಟ್ಟೆ

1980ರ ಸುಮಾರಿಗೆ ಮುಂಬೈಯಲ್ಲಿ ಹಾಯಿ ರಿಪೇರಿ ಕೆಲಸಕ್ಕೆ ಸೇರಿದ ಹುಡುಗರಿಗೆ ಸೂಜಿ ಬೇಗ ಸಿಗುತ್ತಿರಲಿಲ್ಲ. ಮೊದಲು ತೊಳೆಯುವ ಕೆಲಸ. ಗಂಗೊಳ್ಳಿಯಿಂದ ಹೋದ ನನಗೂ ಹಾಗೇ ಆಯಿತು. ಹಾಯಿ ನನಗೆ ಹೊಸದಾಗಿರಲಿಲ್ಲ. ಮಂಗಳೂರು ಹೆಂಚು ತುಂಬಿಕೊಂಡು ಮುಂಬೈಗೆ ಹೋಗುತ್ತಿದ್ದ ಮಂಜಿಗಳ, ಪತ್ತೇಮಾರಿಗಳ ಕತೆ ಕೇಳುತ್ತಲೇ ಬೆಳೆದವರು ನಾವು. ಆದರೆ ಅವುಗಳ ಹಾಯಿ ದಪ್ಪ ಹತ್ತಿಯದು. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ನೂಲೇ ಕೊಳೆತು ಹೋಗುತ್ತಿತ್ತು, ಆ ಭಾಗ ಕತ್ತರಿಸಿ ತೇಪೆ ಹಾಕಬೇಕಿತ್ತು. ಕೊಲಾಬಾದ ನಮ್ಮ ಅಂಗಡಿಗೆ ಬರುತ್ತಿದ್ದದ್ದು ಡೇಕ್ರಾನ್. ಇಂಗ್ಲೆಂಡಿನಲ್ಲಿ 1941ರಲ್ಲಿ ಟೆರಿಲೀನ್ ಎಂಬ ಹೆಸರಿನಲ್ಲಿ ಹುಟ್ಟಿದ ಪಾಲಿಯೆಸ್ಟರ್ ನೂಲಿನದೇ ಅಮೆರಿಕನ್ ರೂಪ ಅದು. ಬೂಷ್ಟು ಅದನ್ನು ತಿನ್ನುವುದಿಲ್ಲ. ಮೇಲೆ ಕೂತ ಕೊಳೆಯನ್ನು ತಿಂದು ಬದುಕುತ್ತದೆ, ಹೋಗುವಾಗ ಕಪ್ಪು ಚುಕ್ಕೆ ಬಿಟ್ಟು ಹೋಗುತ್ತದೆ.

ಅಂಗಡಿ ಸಸೂನ್ ಡಾಕ್ ಕಡೆಯ ಹಳೇ ಗೋದಾಮೊಂದರ ಮೇಲ್ಮಹಡಿಯಲ್ಲಿತ್ತು. ಕೆಳಗಿನಿಂದ ಮೀನಿನ ವಾಸನೆ, ಒಳಗೆ ಥಿನ್ನರಿನ ವಾಸನೆ. ಮುಂಬೈ ಬಂದರಿನ ಯಾಟುಗಳ ಸೀಸನ್ ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮಳೆಯ ಹೊತ್ತಿಗೆ ಮುಗಿಯುತ್ತದೆ. ಮೇ ಕೊನೆಗೆ ದೋಣಿಗಳನ್ನು ದಡಕ್ಕೆಳೆದರೆಂದರೆ ನಮಗೆ ಸುಗ್ಗಿ. ಹಾಯಿಗಳ ಮೂಟೆ, ರಾಟೆ, ಹಗ್ಗ ಬಿಗಿಯುವ ವಿಂಚು, ಕೊಂಡಿ ಎಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು. 1982ರ ಏಷ್ಯಾಡ್‌ನ ಹಾಯಿ ಸ್ಪರ್ಧೆಗಳು ಮುಂಬೈಯಲ್ಲೇ ನಡೆದು, ಫೈರ್‌ಬಾಲ್ ದೋಣಿಯಲ್ಲಿ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದಾಗ ಕೊಲಾಬಾದ ಹಾಯಿಗಾರರಿಗೆಲ್ಲ ತಮ್ಮ ಮನೆಯವರೇ ಗೆದ್ದಷ್ಟು ಹಿಗ್ಗು.

ಆಗಿನ ಕಪಾಟು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗಿನ ತಟ್ಟಿನಲ್ಲಿ ಸೀಮೆಎಣ್ಣೆ, ಪೆಟ್ರೋಲು, ಟರ್ಪೆಂಟೈನ್, ಬಣ್ಣದಂಗಡಿಯ ಎನ್‌ಸಿ ಥಿನ್ನರ್. ಮೇಲಿನ ತಟ್ಟಿನಲ್ಲಿ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಯಿಂದ ತಂದ ಕಂದು ಬಾಟಲಿಗಳು: ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ನಾವು ಬರೀ ಟ್ರೈ ಅನ್ನುತ್ತಿದ್ದ ಟ್ರೈಕ್ಲೋರೋಎಥಿಲೀನ್. ಗ್ರೀಸ್ ಕಲೆಗೆ ಮೇಸ್ತ್ರಿಗಳ ಕೈ ನೇರ ಮೇಲಿನ ತಟ್ಟಿಗೇ ಹೋಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಕಾದಿರುತ್ತದೆ, ಥಿನ್ನರಿನಲ್ಲಿ ಬೆರೆಯುವ ಅಸಿಟೋನಿನದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಟಾಲುವೀನ್‌ನದು 4 ಡಿಗ್ರಿಗೆ. ಸೀಮೆಎಣ್ಣೆ ಮಾತ್ರ 38 ಡಿಗ್ರಿ ದಾಟುವವರೆಗೆ ಸುಮ್ಮನಿರುತ್ತದೆ. ಬಟ್ಟೆ, ಮರ, ಬೀಡಿ ಒಂದೇ ಕೋಣೆಯಲ್ಲಿದ್ದ ಜಾಗಕ್ಕೆ ಬೆಂಕಿ ಹತ್ತದ ಕಂದು ಬಾಟಲಿ ವರದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಒರೆಸಿದರೆ ಕಲೆ ಮಾಯ, ನಿಮಿಷದಲ್ಲಿ ಒಣಗಿಯೂ ಆಯಿತು.

ಆ ಬಾಟಲಿಯ ಇನ್ನೊಂದು ಮುಖವನ್ನು ನಮಗೆ ಯಾರೂ ಹೇಳಲಿಲ್ಲ. ಹಾಯಿ ಕೆಲಸ ಮೇಜಿನ ಮೇಲೆ ಆಗುವಂಥದ್ದಲ್ಲ, ಅಷ್ಟು ದೊಡ್ಡ ಬಟ್ಟೆಯನ್ನು ಹಲಗೆ ನೆಲದ ಮೇಲೆ ಹಾಸಿ, ಅದರ ಮೇಲೇ ಕೂತು, ಮುಖ ಬಗ್ಗಿಸಿ ಮಾಡಬೇಕು. ಈ ದ್ರಾವಕಗಳ ಆವಿ ಗಾಳಿಗಿಂತ ಭಾರ. ಕಿಟಕಿ ಆಳೆತ್ತರದಲ್ಲಿತ್ತು, ಆವಿ ನೆಲ ಹಿಡಿದು ನಿಲ್ಲುತ್ತಿತ್ತು, ನಾವು ಕೂತಿದ್ದದ್ದು ನೆಲದಲ್ಲೇ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಬಾಯಲ್ಲಿ ಸಿಹಿಯಂಥ ಒಂದು ರುಚಿ. ಟೀ ಕುಡಿದರೆ ಸರಿಹೋಗುತ್ತದೆ ಅನ್ನುತ್ತಿದ್ದರು. ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತು ಮತ್ತು ಮೂತ್ರಪಿಂಡಕ್ಕೆ ವಿಷ, ಮದ್ಯ ಕುಡಿಯುವವರಲ್ಲಿ ಅದರ ಏಟು ಹಲವು ಪಟ್ಟು ಜೋರು. ಸಂಜೆ ಮೈಕೈ ನೋವಿಗೆಂದು ಒಂದು ಗ್ಲಾಸು ಹಾಕುತ್ತಿದ್ದ ಹಿರಿಯರಿಗೆ ಈ ಒಂದು ಮಾತು ಯಾರಾದರೂ ಹೇಳಬೇಕಿತ್ತು. ಕಣ್ಣು ಹಳದಿಯಾಗಿ ಊರಿಗೆ ಹೊರಟವರನ್ನು ನಾನು ನೋಡಿದ್ದೇನೆ. ಅದು ಬಾಟಲಿಯಿಂದಲೇ ಬಂದದ್ದು ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ, ಹಾಗಾಗಿ ನಾನೂ ಖಚಿತವಾಗಿ ಹೇಳಲಾರೆ. ಆದರೆ ಅವರನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ಅವರ ಹೊಲಿಗೆಯಂಥ ಹೊಲಿಗೆ ಮತ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಂದು ಬಾಟಲಿ ಹೋದದ್ದು ನಮ್ಮ ಆರೋಗ್ಯದ ಚಿಂತೆಯಿಂದಲ್ಲ, ಆಕಾಶದ ಚಿಂತೆಯಿಂದ. ಓಜೋನ್ ಪದರ ಉಳಿಸಲು 1987ರಲ್ಲಾದ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಸೇರಿತು. ನಿಧಾನವಾಗಿ ಅಂಗಡಿಗಳಲ್ಲಿ ಸಿಗದಾಯಿತು, 2010ರ ಹೊತ್ತಿಗೆ ನಮ್ಮ ದೇಶದಲ್ಲಿ ಇಂಥ ಬಳಕೆ ನಿಂತೇಹೋಯಿತು. ಟ್ರೈ ಕ್ಯಾನ್ಸರ್ ತರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಸ್ಸಂಶಯವಾಗಿ ಹೇಳಿದ್ದು 2012ರಲ್ಲಿ. ಅಷ್ಟರಲ್ಲಿ ನನ್ನ ಜೊತೆಯವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟಾಗಿತ್ತು.

ಕೆಲಸದ ರೀತಿ ಬದಲಾಗಲು ಬಟ್ಟೆಯೂ ಕಾರಣ. 1991ರ ನಂತರ ವಿದೇಶಿ ದೋಣಿಗಳು, ಹಾಯಿಗಳು ಬರುವುದು ಹೆಚ್ಚಾಯಿತು. ಅದುವರೆಗೆ ನೇಯ್ದ ಡೇಕ್ರಾನ್, ಸ್ಪಿನೇಕರ್ ಎಂಬ ಬಲೂನಿನಂಥ ಮುಂದಿನ ಹಾಯಿಗೆ ತೆಳು ನೈಲಾನ್, ಇಷ್ಟೇ ನಮ್ಮ ಪ್ರಪಂಚ. ಈಗ ಬಂದವು ಅಂಟಿಸಿದ ಹಾಯಿಗಳು: ಎರಡು ಪಾರದರ್ಶಕ ಮೈಲಾರ್ ಹಾಳೆ, ನಡುವೆ ಕೆವ್ಲಾರ್ ಅಥವಾ ಪಾಲಿಯೆಸ್ಟರ್ ಎಳೆ, ಎಲ್ಲವನ್ನೂ ಹಿಡಿದಿಟ್ಟ ಅಂಟು. ನೂಲು ಥಿನ್ನರಿಗೆ ಜಗ್ಗದಿರಬಹುದು, ಅಂಟು ಜಗ್ಗುತ್ತದೆ. ಒಮ್ಮೆ ಒಂದು ರೇಸ್ ಹಾಯಿ ನಮ್ಮಲ್ಲಿಗೆ ಬಂತು. ಹಾಯಿಗೆ ಅಂಟಿಸಿದ್ದ ದೋಣಿಯ ಹಳೇ ನಂಬರ್ ತೆಗೆಯಲು ದೋಣಿಯವರೇ ಥಿನ್ನರ್ ಸುರಿದು ಉಜ್ಜಿದ್ದರು. ನಂಬರ್ ಹೋಗಿತ್ತು. ಅದರ ಜಾಗದಲ್ಲಿ ಅಂಗೈಯಗಲದ ಬೊಬ್ಬೆಗಳು, ಒತ್ತಿದರೆ ಒಳಗಿನ ಎಳೆಗಳು ಬೆರಳಿನಡಿ ಆಚೀಚೆ ಜಾರುತ್ತಿದ್ದವು. ಅದಕ್ಕೆ ರಿಪೇರಿಯೇ ಇಲ್ಲ.

ಅಲ್ಲಿಂದ ಅಂಗಡಿಯಲ್ಲಿ ಕೇಳುವ ಪ್ರಶ್ನೆ ತಿರುಗಿತು. ಮೊದಲು ‘ಏನು ಕಲೆ?’ ಅನ್ನುತ್ತಿದ್ದೆವು, ಈಗ ‘ಏನು ಬಟ್ಟೆ?’ ಅನ್ನಬೇಕಾಯಿತು. ಬೂಷ್ಟಿನ ಚುಕ್ಕೆಗೆ ತೆಳು ಮಾಡಿದ ಬ್ಲೀಚು ಬಿಳಿ ಡೇಕ್ರಾನ್‌ಗೆ ನಡೆಯುತ್ತದೆ. ಅದೇ ಬ್ಲೀಚು ನೈಲಾನನ್ನು ಪುಡಿ ಮಾಡುತ್ತದೆ, ಕೆವ್ಲಾರಿನ ಬಲ ತಿನ್ನುತ್ತದೆ, ಸರಿಯಾಗಿ ತೊಳೆಯದೆ ಬಿಟ್ಟರೆ ಹಾಯಿಯ ಮೂಲೆಯ ಸ್ಟೇನ್‌ಲೆಸ್ ಬಳೆಗೂ ಗುಳಿ ಬೀಳಿಸುತ್ತದೆ. ಹೊಸ ಡೇಕ್ರಾನ್ ಕಾಗದದ ಹಾಗೆ ಸದ್ದು ಮಾಡುವುದು ಅದಕ್ಕೆ ಕುಡಿಸಿದ ರಾಳದಿಂದ. ಎಳೆ ಜಾರದಂತೆ, ಹಾಯಿಯ ಆಕಾರ ಕೆಡದಂತೆ ಹಿಡಿಯುವುದು ಅದೇ. ವಾಷಿಂಗ್ ಮೆಷೀನಿಗೆ ಹಾಕಿದರೆ ಅದು ಒಡೆದುಹೋಗುತ್ತದೆ. ಹಾಯಿ ಫಳಫಳ ಬಿಳಿಯಾಗಿರುತ್ತದೆ, ಗಾಳಿಯಲ್ಲಿ ಮಾತ್ರ ಚೀಲದಂತೆ ಜೋಲುತ್ತದೆ.

ನಂಬರ್ ತೆಗೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಬಹಳ ಇಷ್ಟದ ಕೆಲಸ ಅದು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಕೊಟ್ಟು ಅಂಕಿಯ ಒಂದು ಮೂಲೆ ಎಬ್ಬಿಸಬೇಕು. ಮೇಲಕ್ಕೆ ಎಳೆಯಬಾರದು, ಬಟ್ಟೆಗೆ ಸಮನಾಗಿ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಆಗ ಅಂಟಿನ ಬಹುಪಾಲು ಅಂಕಿಯ ಜೊತೆಗೇ ಬರುತ್ತದೆ. ಉಳಿದ ಜಿಗುಟಿಗೆ, ಡೇಕ್ರಾನ್ ಆದರೆ, ವೈಟ್ ಸ್ಪಿರಿಟ್ ಸಾಕು. ಹಾಯಿಯ ಮೇಲೆ ಸುರಿಯಬಾರದು. ಬಿಳಿ ಹತ್ತಿ ಬಟ್ಟೆಗೆ ತಾಗಿಸಿ, ಅಂಚಿನಿಂದ ಒಳಕ್ಕೆ ಒರೆಸುತ್ತ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿಕೊಳ್ಳಬೇಕು. ಕೊನೆಗೆ ಸೋಪಿನ ನೀರು, ಆಮೇಲೆ ಬರೀ ನೀರು. ಅಂಟಿಸಿದ ಹಾಯಿಯಾದರೆ ಹದವಾದ ಬಿಸಿ, ಹೆಬ್ಬೆರಳು ಮತ್ತು ತಾಳ್ಮೆ. ತೀರಾ ಹಟ ಹಿಡಿದರೆ ಬಟ್ಟೆ ತುದಿಗೆ ಒಂಚೂರು ಐಸೋಪ್ರೊಪೈಲ್ ಆಲ್ಕೋಹಾಲ್, ಅದೂ ಮೂಲೆಯಲ್ಲಿ ಪರೀಕ್ಷೆ ಮಾಡಿದ ಮೇಲೆ.

ತುಕ್ಕಿನ ಕಲೆಗೆ ಪೆಟ್ರೋಲು, ಥಿನ್ನರ್ ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೆ ಕೈಗವಸು ಹಾಕಿಕೊಂಡು ಆಕ್ಸಾಲಿಕ್ ಆಸಿಡ್ಡಿನ ತೆಳು ನೀರೇ ಬೇಕು. ನಮ್ಮ ಅಮ್ಮಂದಿರು ಉಪ್ಪು-ಲಿಂಬೆ ತಿಕ್ಕಿ ಬಿಸಿಲಿಗೆ ಹಾಕುತ್ತಿದ್ದದ್ದೂ ಇದೇ ದಾರಿಯ ಮೆದು ಉಪಾಯ. ಮಳೆಗಾಲಕ್ಕೆ ಮುಂಚೆ ಪಶ್ಚಿಮ ಕರಾವಳಿಯ ದಡಕ್ಕೆ ಬಂದು ಬೀಳುವ ಡಾಂಬರಿನ ಉಂಡೆಗಳ ಕಲೆಗೆ ನಾನು ಊರಿನ ಮದ್ದನ್ನೇ ಮಾಡಿದೆ: ಮೊದಲು ತೆಂಗಿನೆಣ್ಣೆ ಹಚ್ಚಿ ಮೆತ್ತಗಾಗಲು ಬಿಡುವುದು, ಆಮೇಲೆ ಸೋಪು. 2010ರ ಆಗಸ್ಟಿನಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಹಡಗುಗಳು ಡಿಕ್ಕಿಯಾಗಿ ಮುಂಬೈ ಬಂದರಿನ ತುಂಬ ಎಣ್ಣೆ ಹರಡಿದಾಗ ಹಗ್ಗಗಳಿಗೆ ಹಿಡಿದ ಜಿಡ್ಡನ್ನೂ ಹೀಗೇ ಬಿಡಿಸಿದೆವು.

ಲೋಹದ ಸಾಮಾನಿನಲ್ಲಿ ಸೀಮೆಎಣ್ಣೆಯ ಮರ್ಯಾದೆ ಇನ್ನೂ ಉಳಿದಿದೆ. ವಿಂಚು ಬಿಚ್ಚಿ, ಹಲ್ಲುಗಾಲಿ, ಅದು ಹಿಂದಕ್ಕೆ ತಿರುಗದಂತೆ ತಡೆಯುವ ಪಾಲ್ ಎಂಬ ಕೊಕ್ಕೆ, ಕಿರುಬೆರಳಿನ ಉಗುರಿನಷ್ಟು ಸ್ಪ್ರಿಂಗು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟು, ಹಳೇ ಬ್ರಷ್ಷಿನಿಂದ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಹಲ್ಲುಗಾಲಿಗೆ ತೆಳ್ಳಗೆ ಗ್ರೀಸು, ಪಾಲ್‌ಗೆ ಒಂದೇ ತೊಟ್ಟು ಎಣ್ಣೆ. ಪಾಲ್‌ಗೂ ಗ್ರೀಸು ಮೆತ್ತಿದರೆ ಅದು ಅಂಟಿಕೊಂಡು ಹಲ್ಲು ಹಿಡಿಯುವುದಿಲ್ಲ, ಭಾರ ಬಿದ್ದ ವಿಂಚು ಹಿಂದಕ್ಕೆ ತಿರುಗಿ ಹ್ಯಾಂಡಲ್ ಕೈ ಮುರಿಯುತ್ತದೆ. ಪ್ಲಾಸ್ಟಿಕ್ ಗುಂಡುಗಳ ಹೊಸ ರಾಟೆಗಳಿಗೆ ಎಣ್ಣೆಯೇ ಬೇಡ, ಎಣ್ಣೆ ಹಾಕಿದರೆ ಮರಳು ಹಿಡಿಯುತ್ತದೆ. ಅಕ್ರಿಲಿಕ್ ಕಿಟಕಿಯ ಹತ್ತಿರ ಅಸಿಟೋನ್ ತರಲೇಬಾರದು, ಮೈಯೆಲ್ಲ ಸೀಳು ಬಿಡುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಹಚ್ಚುವವರನ್ನು ಈಗಲೂ ಕಾಣುತ್ತೇನೆ. ಒಂದು ದಿನದ ಹೊಳಪಿಗೆ ಬೆಲೆ ಆಮೇಲೆ ಗುಳಿಬಿದ್ದ ಕೊಂಡಿ.

ಇಷ್ಟೆಲ್ಲ ಹೇಳಿದರೂ, ಹಾಯಿಗಳಲ್ಲಿ ಹೆಚ್ಚಿನ ಕೊಳೆ ಉಪ್ಪೇ. ಉಪ್ಪು ಪೆಟ್ರೋಲಿಗೆ ಕರಗುವುದಿಲ್ಲ, ಟ್ರೈಗೂ ಕರಗುವುದಿಲ್ಲ. ನೀರಿಗೆ ಕರಗುತ್ತದೆ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆ ತೇವಕ್ಕೆ ಬೂಷ್ಟು ಬರುತ್ತದೆ. ಕೊಲಾಬಾದಲ್ಲಿ ನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಕೆಲವು ತಾಸು ಮಾತ್ರ, ಹಾಗಾಗಿ ಸಿಹಿನೀರೇ ನಮಗೆ ದುಬಾರಿ ದ್ರಾವಕ ಅನಿಸುತ್ತಿತ್ತು, ಸೀಮೆಎಣ್ಣೆ ಅಗ್ಗ. ಹಿಂದಿನವರು ಡಬ್ಬಿಗೆ ಕೈಹಾಕಿದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ನಾವು ಕೊನೆಗೆ ಛಾವಣಿಯ ಮಳೆನೀರನ್ನು ಡ್ರಮ್ಮುಗಳಿಗೆ ಹಿಡಿದೆವು. ಜೂನ್-ಜುಲೈಯಲ್ಲಿ ಸಲೀಸಾಗಿ ತೊಳೆಯುತ್ತಿದ್ದೆವು, ಒಣಗಿಸುವುದೇ ಕಷ್ಟ. ಫ್ಯಾನಿನಡಿ ಹಗ್ಗ ಕಟ್ಟಿ, ಮಡಿಕೆ ಬದಲಿಸುತ್ತ ರಾತ್ರಿಯೆಲ್ಲ ಕಾಯಬೇಕು.

ಬಳಸಿ ಕಪ್ಪಾದ ಸೀಮೆಎಣ್ಣೆಯನ್ನು ಹಿಂದೆ ಡಾಕಿನ ನೀರಿಗೇ ಚೆಲ್ಲುತ್ತಿದ್ದರು. ಈಗಿನ ಹುಡುಗರು ಮುಚ್ಚಳದ ಡಬ್ಬದಲ್ಲಿ ನಿಲ್ಲಿಸುತ್ತಾರೆ. ಕೊಳೆ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಸೋಸಿ ಮುಂದಿನ ವಿಂಚಿಗೆ ಬಳಸುತ್ತಾರೆ, ಕೆಳಗಿನ ಕೆಸರನ್ನು ಎಂಜಿನ್ ಆಯಿಲ್ ಒಯ್ಯುವವರಿಗೆ ಕೊಡುತ್ತಾರೆ. ನೆಲದ ಮಟ್ಟಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಅದಕ್ಕೆ ಗೋಡೆ ಒಡೆಯಬೇಕಾಯಿತು, ಗೋದಾಮಿನ ಮಾಲೀಕರನ್ನು ಒಪ್ಪಿಸಲು ಎರಡು ಮಳೆಗಾಲ ಹಿಡಿಯಿತು.