ಕಾಡಿಗೆ ಹೋಗುವ ಮುನ್ನ

ಕಾಡನ್ನು ನೋಡಲು ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ವಾಹನ ಹತ್ತುವಷ್ಟೇ ಸುಲಭವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಕಳೆದದ್ದು 2018ರ ಬೇಸಗೆಯಲ್ಲಿ, ನಮ್ಮ ಭಾವನವರ ದೆಸೆಯಿಂದ.

ಭಾವನವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಕಣ್ಣಿಗೆ ಗ್ಲುಕೋಮಾ ಎಂಬ ವ್ಯಾಧಿ ತಗಲಿರುವುದು ತಡವಾಗಿ ತಿಳಿಯಿತು. ದೃಷ್ಟಿಯ ನರವನ್ನು ಮೆಲ್ಲಮೆಲ್ಲನೆ ಕೆಡಿಸುವ ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ನಶಿಸುವುದು ಅಂಚಿನ ನೋಟ. ಔಷಧಿಯಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದು; ಹೋದುದು ಮರಳಿ ಬಾರದು. ಬಿದಿರಿನ ಕೊಳವೆಯಲ್ಲಿ ಇಣುಕಿದಂತೆ, ಎದುರಿಗಿರುವ ಒಂದಿಷ್ಟು ಮಾತ್ರ ಅವರಿಗೆ ಕಾಣುತ್ತಿತ್ತು. ಸಂಜೆ ಮಬ್ಬಾದರೆ ಅದೂ ಕಷ್ಟ. ಒಂದು ದಿನ ಊಟಕ್ಕೆ ಕುಳಿತಿದ್ದಾಗ ಅವರು, “ಕಾಡಾನೆಯ ಹಿಂಡನ್ನು ಒಮ್ಮೆ ನೋಡಬೇಕು. ಇನ್ನೂ ಮುಂದೂಡಿದರೆ ನಾನು ಬಂದೇನೇ ಹೊರತು ನೋಡಲಾರೆ” ಎಂದರು. ಅಕ್ಕ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತಳು.

ಎಲ್ಲಿಗೆ ಹೋಗುವುದೆಂಬುದು ಬೇಗ ನಿಶ್ಚಯವಾಯಿತು. ಭಾವನವರು ತಂದೆಯ ಬಾಯಿಂದ ಕಾಕನಕೋಟೆಯ ಖೆಡ್ಡಾದ ಕತೆಗಳನ್ನು ಕೇಳಿ ಬೆಳೆದವರು. ಕಾಡಾನೆಗಳನ್ನು ಅಟ್ಟಿ ತಂದು ಹಿಡಿಯುತ್ತಿದ್ದ ಆ ಖೆಡ್ಡಾಗಳಲ್ಲಿ ಕೊನೆಯದು ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಾಗ ಆ ಕಾಡಿನ ಒಂದು ಭಾಗ ನೀರಿನೊಳಗಾಯಿತು. ಈಗ ಜಲಾಶಯದ ಒಂದು ದಡ ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೂ ಇನ್ನೊಂದು ಬಂಡೀಪುರಕ್ಕೂ ಸೇರಿದೆ. ನಾವು ನಾಗರಹೊಳೆಯ ದಡವನ್ನು ಆರಿಸಿಕೊಂಡೆವು.

ಯಾವಾಗ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮಳೆಗಾಲ ಮುಗಿದ ಮೇಲೆ ಕಾಡು ಅತ್ಯಂತ ಸುಂದರ. ಆದರೆ ಆಗ ಪೊದೆಗಳು ದಟ್ಟವಾಗಿ, ಹತ್ತು ಮಾರು ದೂರದ ಆನೆಯೂ ಕಾಣದೆ ಹೋಗಬಹುದು. ಅಂಚಿನ ನೋಟವಿಲ್ಲದವರಿಗೆ ಅಂತಹ ಕಾಡು ಹಸುರು ಗೋಡೆಯೇ ಸರಿ. ಬೇಸಗೆಯಲ್ಲಿ ಹಾಗಲ್ಲ. ಜಲಾಶಯದ ನೀರು ಇಳಿದು, ಮುಳುಗಿದ್ದ ನೆಲ ಬಯಲಾಗಿ, ಅದರ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಕುಂಟೆಗಳು ಬತ್ತಿದಾಗ ಆನೆಗಳು ಆ ಹುಲ್ಲಿಗೂ ನೀರಿಗೂ ದಂಡೆಗೆ ಇಳಿಯುತ್ತವೆ. ನಿಧಾನವಾಗಿ, ಬಯಲಿನಲ್ಲಿ, ಬಹಳ ಹೊತ್ತು ನಿಂತು ಮೇಯುತ್ತವೆ. ಭಾವನವರ ಕಣ್ಣಿಗೆ ಬೇಕಾದುದೇ ಅದು. ಏಪ್ರಿಲ್ ತಿಂಗಳೆಂದು ಗೊತ್ತುಮಾಡಿದೆವು. ಬಿಸಿಲಿಗೆ ಹೆದರಿದ ಅಕ್ಕನಿಗೆ ಎರಡು ಟೋಪಿಗಳನ್ನು ಕೊಂಡೆವು.

ಇಷ್ಟರಲ್ಲಿ ನನ್ನ ಸ್ನೇಹಿತನೊಬ್ಬ ಸುದ್ದಿ ತಿಳಿದು, ತನ್ನ ಕಚೇರಿಯ ಇಪ್ಪತ್ತು ಮಂದಿಯನ್ನೂ ಕೂಡಿಸಿ ಬಸ್ಸೊಂದನ್ನೇ ಮಾಡೋಣವೆಂದು ಉತ್ಸಾಹದಿಂದ ಬಂದ. ತಲೆಗೆ ಖರ್ಚು ಕಡಿಮೆಯಾಗುವುದು ನಿಜ. ಆದರೆ ಇಪ್ಪತ್ತು ಮಂದಿಯಿರುವಲ್ಲಿ ಒಬ್ಬನಾದರೂ ಕೆಮ್ಮುತ್ತಾನೆ, ಇನ್ನೊಬ್ಬ “ಎಲ್ಲಿ, ಎಲ್ಲಿ?” ಎಂದು ಕೂಗುತ್ತಾನೆ. ಅವನೊಬ್ಬನೇ ಬರುವುದೆಂದು ಕಡೆಗೆ ಒಪ್ಪಂದವಾಯಿತು. ಅವನ ಆಸೆ ಇದ್ದದ್ದು ಆನೆಯ ಮೇಲಲ್ಲ, ಹುಲಿಯ ಮೇಲೆ. ಅದನ್ನು ಅವನು ಮುಚ್ಚಿಡಲಿಲ್ಲ.

ಐದನೆಯವಳು ಅಕ್ಕನ ಮೊಮ್ಮಗಳು, ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ನಿಜವಾದ ಸಿದ್ಧತೆ ಮಾಡಿದವಳು ಅವಳೇ. “ಅಗೋ ಅಲ್ಲಿ” ಎಂದು ಬೆರಳು ತೋರಿದರೆ ತಾತನಿಗೆ ಬೆರಳೇ ಕಾಣುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಆದ್ದರಿಂದ ದಿನವೂ ಮಾಳಿಗೆಯ ಮೇಲೆ ತಾತನನ್ನು ನಿಲ್ಲಿಸಿ, ಎದುರಿನ ದಿಕ್ಕನ್ನು ಗಡಿಯಾರದ ಹನ್ನೆರಡು ಗಂಟೆಯೆಂದು ಭಾವಿಸಿ, “ಹತ್ತು ಗಂಟೆಗೆ ತೆಂಗಿನ ಮರ, ಅದರ ನಡುವಿನಲ್ಲಿ ಕಾಗೆ” ಎಂದು ಹೇಳಿಕೊಡುತ್ತಿದ್ದಳು. ವಾರ ಕಳೆಯುವುದರೊಳಗೆ ಭಾವನವರು ಕಾಗೆಯನ್ನು ಹಿಡಿಯುವುದರಲ್ಲಿ ಪಳಗಿದರು. ಅವಳೇ ಒಂದು ನಿಯಮವನ್ನೂ ಬರೆದು ಗೋಡೆಗೆ ಅಂಟಿಸಿದಳು: ಎಲ್ಲರೂ ನೋಡಿದೆವೆಂದು ಹೇಳುವವರೆಗೆ ಗಾಡಿ ಕದಲಕೂಡದು. ಕೆಳಗೆ ಐವರಿಂದಲೂ ರುಜು ಹಾಕಿಸಿಕೊಂಡಳು.

ರುಜು ಹಾಕಿದ ನಾನೇ ಮೊದಲ ದಿನ ತಪ್ಪಿದೆ. ಕಾಡಿನ ದಾರಿಯಲ್ಲಿ ಜೀಪು ತಿರುಗಿದೊಡನೆ ನಾಲ್ಕು ಕಾಡುನಾಯಿಗಳು ಅಡ್ಡ ಹಾದುಹೋದವು. ಕೆಂಪು ಮೈ, ಕಪ್ಪು ಬಾಲ. ನಾನು ಗಡಿಯಾರವನ್ನೂ ಮರೆತು, ನಿಯಮವನ್ನೂ ಮರೆತು, “ಅಗೋ!” ಎಂದು ಎದ್ದುನಿಂತೆ. ಭಾವನವರು ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕುವಷ್ಟರಲ್ಲಿ ದಾರಿಯಲ್ಲಿ ಧೂಳು ಮಾತ್ರ ಉಳಿದಿತ್ತು. “ಚೆನ್ನಾಗಿತ್ತೇ?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಏನೆಂದು ಉತ್ತರಿಸಲಿ? ರಾತ್ರಿ ನನಗೆ ಊಟ ರುಚಿಸಲಿಲ್ಲ.

ನಮ್ಮ ಮಾರ್ಗದರ್ಶಿ ಜೇನುಕುರುಬರವನು, ಮಿತಭಾಷಿ. ಮರುದಿನ ಹೊರಡುವ ಮೊದಲು ಹುಡುಗಿ ಅವನಿಗೆ ತನ್ನ ಗಡಿಯಾರದ ಉಪಾಯವನ್ನು ವಿವರಿಸಿದಳು. ಅವನು ಕೇಳಿ, “ಬೇಡ ಕಣವ್ವ, ಮರದ ಗುರುತೇ ಮೇಲು. ಗಾಡಿ ತಿರುಗಿದರೆ ನಿನ್ನ ಗಡಿಯಾರವೂ ತಿರುಗುತ್ತದೆ, ಮರ ತಿರುಗುವುದಿಲ್ಲ” ಎಂದ. ದಾರಿಯಲ್ಲಿ ಒಂದು ಹಳೆಯ ಮಾವಿನ ಮರದ ಬಳಿ ಅವನು, “ಇಲ್ಲಿ ನಮ್ಮ ಅಜ್ಜನ ಹಾಡಿ ಇತ್ತು” ಎಂದಷ್ಟೇ ಹೇಳಿ ಸುಮ್ಮನಾದ. ತನ್ನ ಅಜ್ಜನ ಅಂಗಳಕ್ಕೆ ಅವನೀಗ ನಮ್ಮಂತಹವರ ಟಿಕೇಟಿನ ಜೊತೆಯಲ್ಲಿ ಬರಬೇಕಾಗಿತ್ತು. ನಾವೂ ಸುಮ್ಮನಿದ್ದೆವು.

ಮಧ್ಯಾಹ್ನದ ಬಿಸಿಲು ಇನ್ನೂ ಪ್ರಖರವಾಗಿರುವಾಗಲೇ ದಂಡೆಯನ್ನು ಸೇರಿದೆವು. ನೀರು ಬಹುದೂರ ಹಿಂದೆ ಸರಿದಿತ್ತು. ಹಿಂದೆಂದೋ ಮುಳುಗಿದ ಮರಗಳ ಒಣಬೊಡ್ಡೆಗಳು ಬಯಲಿನಲ್ಲಿ ಅಲ್ಲಲ್ಲಿ ನಿಂತಿದ್ದವು. ಅರ್ಧ ಗಂಟೆ ಕಳೆದಿರಬಹುದು, ಕಾಡಿನ ಅಂಚಿನಿಂದ ಆನೆಗಳು ಒಂದೊಂದಾಗಿ ಇಳಿದವು. ಮಾರ್ಗದರ್ಶಿ ಪಿಸುಗುಟ್ಟಿದ: “ಯಜಮಾನ್ರೇ, ಎದುರಿಗೆ ಎರಡು ಕವಲಿನ ಬೊಡ್ಡೆ. ಸಿಕ್ಕಿತೇ? ಅದರಿಂದ ಎಡಕ್ಕೆ ಮೆಲ್ಲಗೆ ಬನ್ನಿ.” ಭಾವನವರು ಮುಖವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದರು. ತಟ್ಟನೆ ಅವರ ಉಸಿರು ನಿಂತಿತು.

ಆನೆಗಳು ಹುಲ್ಲನ್ನು ಸೊಂಡಿಲಿನಿಂದ ಸುತ್ತಿ, ಕಾಲಿನಿಂದ ಒದ್ದು ಕಿತ್ತು, ಬೇರಿನ ಮಣ್ಣು ಉದುರುವಂತೆ ಮುಂಗಾಲಿಗೆ ಬಡಿದು ಬಾಯಿಗಿಡುತ್ತಿದ್ದವು. ಆ ಬಡಿತದ ಸದ್ದು ನಮ್ಮವರೆಗೂ ಬರುತ್ತಿತ್ತು. ಅವುಗಳ ಮಾತಿನಲ್ಲಿ ಮನುಷ್ಯರ ಕಿವಿಗೆ ನಿಲುಕದಷ್ಟು ತಗ್ಗಿದ ಧ್ವನಿಗಳೂ ಇರುತ್ತವೆ. ಕೇಟಿ ಪೇನ್ ಎಂಬ ಅಮೆರಿಕದ ಸಂಶೋಧಕಿ 1984ರಲ್ಲಿ ಮೃಗಾಲಯದ ಆನೆಗಳ ಬಳಿ ಇದ್ದಾಗ ಗಾಳಿಯಲ್ಲಿ ಒಂದು ಬಗೆಯ ಮಿಡಿತವನ್ನು ಅನುಭವಿಸಿ, ಆ ಜಾಡು ಹಿಡಿದು ಅದನ್ನು ತೋರಿಸಿಕೊಟ್ಟರು. ನಮ್ಮೆದುರಿನ ಹಿಂಡು ಏನೇನು ಮಾತಾಡಿಕೊಂಡಿತೋ!

ಆಗ ಇನ್ನೊಂದು ಜೀಪು ಪಕ್ಕಕ್ಕೆ ಬಂದು ನಿಂತಿತು. ಮೇಲಿನ ಕೆರೆಯ ಬಳಿ ಹುಲಿ ಮಲಗಿದೆಯಂತೆ. ಕೂಡಲೇ ಹೊರಟರೆ ಸಿಕ್ಕೀತು. ಚಾಲಕ ನಮ್ಮ ಕಡೆ ತಿರುಗಿದ. ನಾನು ಸ್ನೇಹಿತನ ಮುಖ ನೋಡಿದೆ. ಅವನ ಕೈ ಆಗಲೇ ಕ್ಯಾಮೆರಾದ ಚೀಲದ ಮೇಲಿತ್ತು. ಭಾವನವರು ಇದಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಅವರ ತುಟಿಗಳು ಅಲುಗುತ್ತಿದ್ದವು, ಎಣಿಸುತ್ತಿದ್ದರು. ಸ್ನೇಹಿತ ಒಂದು ಕ್ಷಣ ಅವರನ್ನೇ ನೋಡಿ, ಚೀಲವನ್ನು ಕಾಲ ಬಳಿ ಇಟ್ಟು, “ಎಣಿಸಿ ಮುಗಿಸಲಿ” ಎಂದ. ಆ ಜೀಪು ಹೊರಟುಹೋಯಿತು. ಅವನು ಕಾಡಿನ ಹುಲಿಯನ್ನು ಇನ್ನೂ ಕಂಡಿಲ್ಲ.

“ಹದಿನೈದು” ಎಂದರು ಭಾವನವರು.

ನಾವೆಲ್ಲ ಹದಿನಾಲ್ಕು ಎಣಿಸಿದ್ದೆವು. ಹುಡುಗಿ ಮತ್ತೆ ಎಣಿಸಿದಳು, ಹದಿನಾಲ್ಕೇ. ತಾತನಿಗೆ ನೋವಾಗಬಾರದೆಂದು ಅವಳು ಏನೋ ಹೇಳಹೊರಟಾಗ ಅವರು ಕಣ್ಣು ಕದಲಿಸದೆಯೇ, “ಕವಲು ಬೊಡ್ಡೆಯಿಂದ ಎಡಕ್ಕೆ ಮೂರನೆಯ ಆನೆಯ ಕಾಲುಗಳನ್ನು ಎಣಿಸಿದೆ. ಆರು ಬಂತು” ಎಂದರು.

ಮಾರ್ಗದರ್ಶಿ ದುರ್ಬೀನನ್ನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಹುಡುಗಿಯ ಕೈಗೆ ಕೊಟ್ಟು, “ಹೌದು ಯಜಮಾನ್ರೇ, ಅಡಿಯಲ್ಲಿ ಮರಿ ಇದೆ” ಎಂದ.